ಐದು ಕುದುರೆ

ಬೈಕಿನ ಹಿಂದಿನ ಚಕ್ರ ಡೈನೋ ಯಂತ್ರದ ಉರುಳೆಯ ಮೇಲೆ ಹುಚ್ಚೆದ್ದು ತಿರುಗುತ್ತಿತ್ತು. ಬೈಕು ಮಾತ್ರ ನಾಲ್ಕೂ ಕಡೆ ಪಟ್ಟಿ ಬಿಗಿಸಿಕೊಂಡು ನಿಂತಲ್ಲೇ ನಿಂತಿತ್ತು. ಎಂಜಿನ್ ಹದ ಮಾಡುವ ಟ್ಯೂನರ್ ಕಿವಿ ಹಿಂಡಿದಂತೆ ಹ್ಯಾಂಡಲ್ ತಿರುವಿದ. ಗ್ಯಾರೇಜಿನ ಕಿಟಕಿಯ ಗಾಜು ಗಡಗಡ ನಡುಗಿತು. ಎಂಜಿನ್ನಿನ ಅಶ್ವಶಕ್ತಿ ತೋರಿಸುವ ಪರದೆಯಲ್ಲಿ ಅಂಕಿ ಏರುತ್ತಾ ಹೋಗಿ ತೊಂಬತ್ತೊಂದಕ್ಕೆ ನಿಂತಿತು. ಹೆಂಡತಿಯ ಪಕ್ಕ ನಿಂತು ನೋಡುತ್ತಿದ್ದ ಗಂಡ ಲಾಟರಿ ಹೊಡೆದವನ ಹಾಗೆ ಕುಪ್ಪಳಿಸಿದ.

"ತೊಂಬತ್ತೊಂದು ಕುದುರೆ! ನೋಡಿದ್ಯೇನೇ?"

"ನೋಡ್ದೆ. ಎಲ್ಲಿಗೂ ಹೋಗದೆ ಇಷ್ಟು ಸದ್ದು ಮಾಡೋದು ನಿಮ್ಮನ್ನ ಬಿಟ್ರೆ ಇದೇ," ಎಂದಳು ಹೆಂಡತಿ.

ಇಬ್ಬರೂ ಇಲ್ಲಿಂದ ನೇರ ಬೆಟ್ಟದ ದಾರಿ ಹಿಡಿದು, ಅದರ ಆಚೆಗಿನ ಸರೋವರಕ್ಕೆ ಹೊರಡುವವರಿದ್ದರು. ಮದುವೆಯ ಹೊಸದರಲ್ಲಿ ಅವನು ಕೊಟ್ಟ ಮಾತು ಅದು. ಆಮೇಲೆ ಮಕ್ಕಳು, ಮಕ್ಕಳ ಪರೀಕ್ಷೆ, ಹಾಸಿಗೆ ಹಿಡಿದ ಅತ್ತೆ. ಮಾತು ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತಲೇ ಇತ್ತು, ಅವಳು ಕಾಯುತ್ತಾ ಬಂದಿದ್ದಳು. ಈಗ ಪೆಟ್ಟಿಗೆ ತುಂಬಿಸಿ, ಹೆಲ್ಮೆಟ್ ಹಿಡಿದು ಬಂದರೆ ಈ ಟ್ಯೂನಿಂಗಿನ ರಾಮಾಯಣ. ಗಂಡನ ಬೈಕ್ ಬಳಗದವರು ಒಂದು ಕಡೆ ಸೇರಿದರೆ ಕಂಡ ಊರಿನ ಮಾತಿಲ್ಲ, ಹೋದ ದಾರಿಯ ಮಾತಿಲ್ಲ. ನಿನ್ನದು ಎಷ್ಟು ಕುದುರೆ, ನನ್ನದು ಎಷ್ಟು, ಅಷ್ಟೇ. ತಲೆ ನರೆತರೂ ಗೋಲಿ ಎಣಿಸುವ ಬುದ್ಧಿ ಬಿಟ್ಟಿರಲಿಲ್ಲ. ಅವರಲ್ಲಿ ಇವನದೇ ಎಲ್ಲರಿಗಿಂತ ಕಡಿಮೆ, ಅದೇ ಅವನ ನಿದ್ದೆ ಕೆಡಿಸಿತ್ತು. ಅದಕ್ಕೇ ಬಳಗವೆಲ್ಲ ಗುರುಗಳು, ಗುರುಗಳು ಎಂದು ತಲೆಯ ಮೇಲೆ ಹೊತ್ತು ಮೆರೆಸುವ ಈ ಟ್ಯೂನರನ ಕಾಲಿಗೆ ಬಿದ್ದಿದ್ದ.

"ಸರಿ, ಪೆಟ್ಟಿಗೆ ಏರಿಸಿ. ಹಿಂದಿನ ಏರಿನಲ್ಲಿ ಒಂದು ಸುತ್ತು ಹೋಗ್ಬರೋಣ," ಎಂದು ಅವಳು ಹೆಲ್ಮೆಟ್ ತೊಟ್ಟಳು.

ಗ್ಯಾರೇಜಿನ ಹಿಂದಿನ ಏರು ಅಂಥ ದೊಡ್ಡದೇನಲ್ಲ. ಟ್ಯೂನಿಂಗಿಗೆ ಮುಂಚೆ ಬೈಕು ಇಬ್ಬರನ್ನೂ ಹೊತ್ತು ಗೊಣಗದೆ ಹತ್ತುತ್ತಿತ್ತು. ಈಗ ತೊಂಬತ್ತೊಂದು ಕುದುರೆಯ ಮಹಾರಾಜ ಅರ್ಧ ಏರಿಗೆ ಕೆಮ್ಮಿದ, ಮುಗ್ಗರಿಸಿದ, ಸತ್ತಂತೆ ನಿಂತ. ಗಂಡ ಮತ್ತೆ ಮತ್ತೆ ಹ್ಯಾಂಡಲ್ ತಿರುವಿದ. ಕ್ಲಚ್ಚು ಸುಟ್ಟ ವಾಸನೆ ಬಂತೇ ಹೊರತು ಬೈಕು ಏಳಲಿಲ್ಲ. ಕೊನೆಗೆ ಅದನ್ನು ತಿರುಗಿಸಿ, ಇಬ್ಬರೂ ಆಚೀಚೆ ಹಿಡಿದು, ನಡೆಸಿಕೊಂಡೇ ಕೆಳಗೆ ತಂದರು.

ಗುರುಗಳ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. "ಸರ್ ನಂಬರ್ ಕೇಳಿದ್ರು, ನಂಬರ್ ಕೊಟ್ಟೆ. ಎಂಜಿನ್ ಒಳಗಿನ ಕ್ಯಾಮ್ ಅನ್ನೋ ಭಾಗ ಬದಲಾಯಿಸಿ, ನಿಧಾನದಲ್ಲಿದ್ದ ಎಳೆತ ಎಲ್ಲಾ ಜೋರು ಓಟಕ್ಕೆ ಕಳಿಸಿದೀನಿ. ಖಾಲಿ ರಸ್ತೇಲಿ ಒಬ್ಬರೇ ಕೂತು ಜೋರಾಗಿ ಓಡಿಸಿದ್ರೆ ಹಾರುತ್ತೆ. ಹೊರೆ ಹೊತ್ಕೊಂಡು ನಿಧಾನಕ್ಕೆ ಏರು ಎಳೆಯೋ ಕಸುವು ಇರಲ್ಲ."

"ಹೊರೆ ಅಂದ್ರೆ?" ಎಂದು ಕೇಳಿದಳು.

ಗುರುಗಳು ಪೆಟ್ಟಿಗೆಗಳನ್ನು ನೋಡಿದರು. ಗಂಡ ಅವಳನ್ನು ನೋಡಿದ.

ಅವಳ ಮೈ ಉರಿದುಹೋಯಿತು. "ನಾವಿಬ್ಬರೂ ಬೆಟ್ಟ ಹತ್ತಬೇಕು ಅಂತ ಇವರು ನಿಮಗೆ ಹೇಳ್ಲಿಲ್ವಾ?"

"ಇಲ್ಲಮ್ಮ. ನಾನೂ ಕೇಳ್ಲಿಲ್ಲ."

"ಹಳೇ ಕ್ಯಾಮನ್ನೇ ಹಾಕ್ಬಿಡಿ ಹಾಗಾದ್ರೆ."

"ಹಾಕ್ಬಹುದು, ಸಂಜೆಗೆ ಹೊರಡ್ಬಹುದು. ಆದ್ರೆ ನಂಬರ್ ಇಳಿಯುತ್ತೆ."

"ಎಷ್ಟು?" ಎಂದ ಗಂಡ ಥಟ್ಟನೆ.

"ಐದು ಕುದುರೆ."

ಕೈಬೆರಳು ಐದನ್ನೂ ಕತ್ತರಿಸಿಕೊಡು ಅಂದಿದ್ದರೂ ಅವನ ಮುಖ ಅಷ್ಟು ಬಾಡುತ್ತಿರಲಿಲ್ಲ. ಪರದೆಯ ಫೋಟೋ ಆಗಲೇ ಬಳಗಕ್ಕೆ ಹೋಗಿತ್ತು. ಜೇಬಿನಲ್ಲಿ ಫೋನು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ತೆಗೆದು ನೋಡಿದ. ಶಭಾಷ್‌ಗಳ ಮಳೆ. ಒಬ್ಬ ಮೆಸೇಜಿನಲ್ಲೇ ಅಡ್ಡಬಿದ್ದುಬಿಟ್ಟಿದ್ದ. ಅವನು ಬೈಕನ್ನು ನೋಡಿದ, ಫೋನನ್ನು ನೋಡಿದ, ಗಡ್ಡ ಕೆರೆದುಕೊಂಡ. ಒಂದು ಮಾತು ಹೇಳಲು ಇಷ್ಟು ಹೊತ್ತು ಬೇಕೇ ಎಂದು ಅವಳಿಗೆ ಅಸಹ್ಯವಾಯಿತು. ಹಾಗಿದ್ದರೂ, ಹೇಳಲಿ, ಹೇಳಿಬಿಡಲಿ ಎಂದು ಕಾದಳು. ಕಾಯುವುದು ಅವಳಿಗೆ ಹೊಸದಲ್ಲವಲ್ಲ.

ಕೊನೆಗೂ ಅವನ ಮುಖ ಅರಳಿತು. ದೊಡ್ಡ ಉಪಾಯ ಹೊಳೆದವನಂತೆ ಗುರುಗಳ ಹೆಗಲ ಮೇಲೆ ಕೈ ಹಾಕಿದ.

"ಗುರುಗಳೇ, ಐದು ಬೇಡ. ಮೂರು ಇಳಿಸಿದ್ರೆ ಸಾಕು. ತೀರಾ ಕಡಿದಾದ ಏರು ಬಂದ ಕಡೆ ಇವಳು ಇಳಿದು ನಡೀತಾಳೆ. ಅಲ್ವೇನೇ?"

ಅವಳು ಬೈಕಿನಿಂದ ತನ್ನ ಪೆಟ್ಟಿಗೆಯನ್ನು ಕಳಚಿಕೊಂಡಳು. ಬೆಟ್ಟದ ಕಡೆಯ ಬಸ್ಸು ಎಲ್ಲಿ ನಿಲ್ಲುತ್ತದೆಂದು ಗುರುಗಳನ್ನು ಕೇಳಿ, ಏರು ಬರುವ ತನಕ ಕಾಯದೆ, ಅಲ್ಲಿಂದಲೇ ನಡೆದಳು.