ಉಗುರಗಲದ ಗಾಜು

“ಔಸ್ದಿ ನನ್ ಕೈಗೆ ಕೊಡಿ. ಮನೇಲೇ ಚುಚ್ಚುಸ್ಕತ್ತೀನಿ,” ಎಂದು ಶಿವನಂಜಮ್ಮ ಮೂರನೇ ಸಲ ಮೇಜು ಗುದ್ದಿದಳು.

ಮಂಡ್ಯದ ಆಸ್ಪತ್ರೆಯ ಡಾಕ್ಟರ್ ಶುಭಾ ತಾಳ್ಮೆಯವಳು. ಉಗುರಗಲದ ಗಾಜಿನ ಬಿಲ್ಲೆಯೊಂದನ್ನು ಮುಂದಿಟ್ಟಳು. ಅದರೊಳಗೆ ಗದ್ದೆಯ ಕಾಲುವೆಗಳಂತೆ ಕೂದಲೆಳೆಯ ಸಾಲುಗಳು. ಭಾರತೀನಗರದ ಆರೋಗ್ಯ ಕ್ಯಾಂಪಿನಲ್ಲಿ ಎದೆಯ ಗಂಟಿನಿಂದ ತೆಗೆದ ಚೂರನ್ನು ಅರೆದು, ಆ ಸಾಲುಗಳಲ್ಲಿ ಹರಿಸಿದ್ದರು. ನಾಲ್ಕು ಸಾಲುಗಳಲ್ಲಿ ಮೂರರ ಬಣ್ಣ ತಿರುಗಿತ್ತು. ಜೋರಾಗಿ ಬೆಳೆಯುವ ಕ್ಯಾನ್ಸರ್. ಈ ವಾರವೇ ಔಷಧಿ ನರಕ್ಕೆ ಹತ್ತಬೇಕು, ಇಲ್ಲದಿದ್ದರೆ ಶ್ವಾಸಕೋಶಕ್ಕೆ ಇಳಿಯುತ್ತದೆ.

“ಇದು ಸುಳ್ಳು ಹೇಳಲ್ಲಮ್ಮ.”

“ಯೋಳಕಿಲ್ಲ ಅಂತ ನಂಗೂ ಗೊತ್ತು ಕಣವ್ವ.”

ಬಾಗಿಲ ಬಳಿ ತಂಗಿ ಮುದ್ದಮ್ಮ ನಿಂತಿದ್ದಳು. ಗಂಡ ಬಿಟ್ಟ ಮೇಲೆ ಯಾವ ಮನೆಯ ರೇಷನ್ ಕಾರ್ಡಿನಲ್ಲೂ ಅವಳ ಹೆಸರಿಲ್ಲ. ಅಕ್ಕನ ಕಾರ್ಡಿನ ಅಕ್ಕಿಯನ್ನೇ ಉಣ್ಣುತ್ತಿದ್ದಳು. ತಮ್ಮೂರು ಹೊಳಲಿನಿಂದ ಬಸ್ಸಿನಲ್ಲಿ ಬರುವಾಗ ಚೀಲ, ಬುತ್ತಿ, ನೀರು ಎಲ್ಲವನ್ನೂ ಶಿವನಂಜಮ್ಮನೇ ಹೊತ್ತಿದ್ದಳು. ತಂಗಿಗೂ ಒಂದು ಹೊರಿಸಬಾರದೇ ಎಂದು ಕಂಡಕ್ಟರ್ ತಮಾಷೆ ಮಾಡಿದ್ದಕ್ಕೆ ಅವನ ಏಳು ತಲೆಮಾರನ್ನೂ ಜಾಲಾಡಿದ್ದಳು.

ಕಾರ್ಡಿದ್ದವರಿಗೆ ಚಿಕಿತ್ಸೆ ಪುಕ್ಕಟೆ. ಕ್ಯಾಂಪಿನ ನೂಕುನುಗ್ಗಲಿನಲ್ಲಿ ಕಾರ್ಡಿನ ನಂಬರು ಬರೆದುಕೊಂಡು ಒಳಗೆ ಬಿಟ್ಟಿದ್ದರು, ಮುಖ ನೋಡಿದವರಿರಲಿಲ್ಲ. ಇಲ್ಲಿ ಹಾಗಲ್ಲ. ನರ್ಸ್ ಸುನಿತಾ ಹೆಬ್ಬೆಟ್ಟಿನ ಮಿಷನ್ನು ತಂದಳು. ಬೆರಳು ಕಾರ್ಡಿಗೆ ಹೊಂದಿದರೆ ಮಾತ್ರ ಔಷಧಿ.

ಶಿವನಂಜಮ್ಮ ಸೆರಗಿಗೆ ಬೆರಳು ಒರೆಸಿ ಒತ್ತಿದಳು. ಹಸಿರು ದೀಪ ಹತ್ತಿತು.

“ಬಂತು ಬುಡು,” ಎಂದು ತಂಗಿಯ ಕಡೆ ತಿರುಗಿದಳು. ಮುದ್ದಮ್ಮ ನಗಲಿಲ್ಲ.

ಬಾಟಲಿ ಬಂದದ್ದೇ ಶಿವನಂಜಮ್ಮ ಕೈ ಚಾಚಿದಳು. ಸುನಿತಾ ಕೊಡಲಿಲ್ಲ. ಅದನ್ನು ಮಂಚದ ಪಕ್ಕದ ಕಂಬಿಗೆ ನೇತುಹಾಕಿದಳು. ಔಷಧಿ ಮನೆಗೆ ಕೊಡುವಂಥದ್ದಲ್ಲ, ಹೆಬ್ಬೆಟ್ಟು ಒತ್ತಿದವರ ನರಕ್ಕೇ ಇಲ್ಲೇ ಹೋಗಬೇಕು ಎಂದಳು. ಅದಕ್ಕೆ ಮೊದಲು, ಚೂರು ತೆಗೆದ ಗಾಯ ಒಣಗಿದೆಯೇ ನೋಡಬೇಕು. ಪರದೆ ಎಳೆದಳು.

ಶಿವನಂಜಮ್ಮ ಬೈಯಲು ಬಾಯಿ ತೆರೆದಳು.

“ಸಾಕು ಬುಡಕ್ಕ,” ಎಂದಳು ಮುದ್ದಮ್ಮ, ಪರದೆಯಾಚೆಯಿಂದ. “ಮನೆಗೆ ಓಗವ.”

ಶಿವನಂಜಮ್ಮ ಕೇಳಲಿಲ್ಲ. ಮಂಚದ ಮೇಲೆ ಕೂತು, ಒಂದೊಂದಾಗಿ ಗುಂಡಿ ಬಿಚ್ಚಿದಳು.

ಅವಳ ಎದೆಯ ಮೇಲೆ ಸೂಜಿ ತಾಗಿದ ಗುರುತೂ ಇರಲಿಲ್ಲ. ಗಾಯ ಪರದೆಯಾಚೆ, ಮುದ್ದಮ್ಮನ ಸೆರಗಿನ ಕೆಳಗಿತ್ತು.