ಬಾಗಿದ ನೆರಳು

ಶಿವಲೀಲಾ ಹಮಾಲ ಇಮಾಮಸಾಬರ ಹರಿದ ನೆರಳನ್ನು ಹೊಲಿಯುತ್ತಿದ್ದಳು. ಬೀಡಿ ಕಟ್ಟಿ, ಗಾರ್ಮೆಂಟ್ಸಿನಲ್ಲಿ ಗುಂಡಿ ಹಚ್ಚಿ, ಖಾನಾವಳಿಯಲ್ಲಿ ರೊಟ್ಟಿ ಬಡಿದು ಈ ನೆರಳು ರಿಪೇರಿ ಅಂಗಡಿಗೆ ಬಂದವಳಿಗೆ ಮೊದಲ ಸಲ ಕೆಲಸ ಕೈಗೆ ಒಗ್ಗಿತ್ತು. ಅದು ಕಾಯಂ ಆಗುವುದೋ ಇಲ್ಲವೋ ಇಂದು ತಿಳಿಯಬೇಕಿತ್ತು.

ಅಂಗಡಿಯ ಒಡತಿ ದ್ಯಾಮಕ್ಕ ಬಗ್ಗಿ ನೋಡಿದಳು. “ಗೂನು ಹಂಗೇ ಬಿಟ್ಟೀಯಲ್ಲ. ನೆಟ್ಟಗ ಮಾಡಿ ಕೊಡೋದು ನಮ್ಮ ಪದ್ಧತಿ, ಗೊತ್ತಿಲ್ಲೇನು?”

“ಮೂಟೆ ಹೊತ್ತ ಬೆನ್ನು, ಅಕ್ಕಾ. ಅವರನ್ನ ದಿನಾ ಇದೇ ರಸ್ತೆಯಾಗ ನೋಡ್ತೀನಿ.”

ಅಷ್ಟರಲ್ಲಿ ಬಂದ ಇಮಾಮಸಾಬರು ನೆರಳು ತೊಟ್ಟು ಬಿಸಿಲಿಗೆ ನಿಂತು, ಬಹಳ ಹೊತ್ತು ನೆಲ ನೋಡಿದರು. “ಹೋದ ಸಲ ಯಾರದೋ ನೆರಳು ಕೊಟ್ಟಂಗಿತ್ತವ್ವ. ಇದು ನಂದು,” ಎಂದು ಹೊರಟರು.

“ಅಕ್ಕಾ, ನನ್ನ ಇಲ್ಲೇ ಇಟ್ಕೊಳ್ರಿ,” ಎಂದಳು ಶಿವಲೀಲಾ.

ದ್ಯಾಮಕ್ಕ ರಸ್ತೆಯಲ್ಲಿ ಸಾಗುತ್ತಿದ್ದ ಆ ಬಾಗಿದ ನೆರಳನ್ನೇ ನೋಡುತ್ತ, “ನಾಳೆಯಿಂದ ಕಾಯಂ ಬಾ,” ಎಂದಳು.