ನಾಲ್ಕು ಕೋಣೆಯ ಅರಮನೆ

ಒಂದಾನೊಂದು ಊರಲ್ಲಿ ದ್ರಾಕ್ಷಿಹಣ್ಣಿನಷ್ಟೇ ದೊಡ್ಡದೊಂದು ಅರಮನೆ. ಅದಕ್ಕೆ ನಾಲ್ಕೇ ಕೋಣೆ. ಆ ಅರಮನೆಯನ್ನು ಎದೆಯೊಳಗೆ ಅವಿತಿಟ್ಟುಕೊಂಡು, ಲೋಕಕ್ಕೆಲ್ಲ ಬೆನ್ನು ಕೊಟ್ಟು ಮಲಗಿದ್ದ ಪುಟ್ಟ ಜೀವವೊಂದು ಯಾರು ಕೂಗಿದರೂ ಓಗೊಡುತ್ತಿರಲಿಲ್ಲ. ಹೊರಗೆ ಮೂವರು ಹೆಂಗಸರು ಬಾಗಿಲು ತಟ್ಟಿ ತಟ್ಟಿ ಸುಸ್ತಾಗಿದ್ದರು: ಸ್ಕ್ಯಾನಿಂಗ್ ಡಾಕ್ಟರು, ಐದು ತಿಂಗಳ ಬಸುರಿ ಸೊಸೆ, ಅವಳ ಅತ್ತೆ.

“ಮತ್ತೆ ಅದೇ ಬೆನ್ನು!” ಡಾಕ್ಟರು ಹೊಟ್ಟೆಯ ಮೇಲಿಂದ ಕೈ ತೆಗೆದರು. “ಬೆನ್ನುಮೂಳೆ ನೆರಳು ಬಿದ್ದು ಹೃದಯ ಕಾಣ್ತಿಲ್ಲಮ್ಮ. ಇನ್ನೊಂದು ಸುತ್ತು ಓಡಾಡ್ಕೊಂಡು ಬನ್ನಿ.”

ಸೊಸೆ ಅಂಟಂಟು ಜೆಲ್ ಒರೆಸಿಕೊಂಡು ಇಳಿದಳು. ಬೆಳಗಿನಿಂದ ಇದೇ ಹಾಡು. ಕಾರಿಡಾರು ಸವೆಯುವಷ್ಟು ನಡೆದಿದ್ದಳು, ತಣ್ಣನೆಯ ನೀರು ಕುಡಿದಿದ್ದಳು, ಚಾಕಲೇಟು ತಿಂದು ತಿಂದು ನಾಲಿಗೆ ಜಡ್ಡುಗಟ್ಟಿತ್ತು. ಒಳಗಿನದು ಜಪ್ಪಯ್ಯ ಅಂದರೂ ತಿರುಗಿರಲಿಲ್ಲ.

“ಥೇಟ್ ನಿಮ್ಮ ಮಗ, ಅತ್ತೆ. ಕೆಲಸ ಅಂದ್ರೆ ಸಾಕು, ಆ ಕಡೆ ತಿರುಗಿ ಮಲಗೋದು.”

“ನನ್ನ ಮಗನ ಸುದ್ದಿಗೆ ಬರಬೇಡ. ಈ ಮೊಂಡುತನ ನಿಂದೇ.” ಅತ್ತೆ ಬಗ್ಗಿ ಹೊಟ್ಟೆಯನ್ನೇ ಗದರಿದರು: “ಏಯ್, ಕೇಳಿಸ್ತಾ? ನೀನಾಗೇ ತಿರುಗ್ತೀಯೋ, ಇಲ್ಲಾ ನಾನೇ ಒಳಗೆ ಬರಲೋ?”

ಕಾರಿಡಾರಿನ ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಸೊಸೆಗೆ ನಗು ಬರಲಿಲ್ಲ. ಹೋದ ಸಲ ಯಾರೂ ಅರಮನೆಯೊಳಗೆ ಇಣುಕಿರಲಿಲ್ಲ. ಮುದ್ದುಮುದ್ದಾಗಿ ಹುಟ್ಟಿದ ಕೂಸು ವಾರ ತುಂಬುವ ಮೊದಲೇ ನೀಲಿಗಟ್ಟಿ ಹೋದ ಮೇಲಷ್ಟೇ, ಒಂದು ಕೋಣೆ ಕಟ್ಟಿಯೇ ಇರಲಿಲ್ಲವೆಂದು ಗೊತ್ತಾದದ್ದು.

ಮತ್ತೆ ಮಲಗಿದಳು. ಮತ್ತೆ ಅದೇ ಬೆನ್ನು.

“ಇವತ್ತಿಗೆ ಸಾಕು,” ಡಾಕ್ಟರು ಕುರ್ಚಿ ಹಿಂದಕ್ಕೆ ತಳ್ಳಿದರು. “ಮುಂದಿನ ವಾರ ನೋಡೋಣ.”

“ಆಗಲ್ಲ!” ಸೊಸೆ ಮಲಗಿದಲ್ಲಿಂದಲೇ ಕೂಗಿದಳು. “ನಾಲ್ಕೂ ಕೋಣೆ ತೋರಿಸದೆ ಕಳಿಸಲ್ಲ ಅಂತ ಬೆಳಿಗ್ಗೆ ಮಾತು ಕೊಟ್ಟೋರು ನೀವು.”

“ನಾನೇನು ಕೈ ಹಾಕಿ ತಿರುಗಿಸಲಾ?”

“ಇನ್ನೊಂದು ವಾರ ನಾನು ಹೆಂಗೆ ಉಸಿರಾಡಲಿ ಹೇಳಿ!”

ಅಷ್ಟು ಹೊತ್ತೂ ಹಲ್ಲು ಕಚ್ಚಿ ತಡೆದಿದ್ದ ಅಳು ಒಮ್ಮೆಲೇ ಒಡೆಯಿತು. ಬಿಕ್ಕಿ ಬಿಕ್ಕಿ ಅತ್ತಳು. ಹೊಟ್ಟೆಯೆಲ್ಲ ಕುಲುಕಿತು. ನಡಿಗೆಗೂ ಬಗ್ಗದ, ಚಾಕಲೇಟಿಗೂ ಮಣಿಯದ ಜೀವ ಆ ಕುಲುಕಿಗೆ ಬೆಚ್ಚಿ, ಮಗ್ಗುಲು ಬದಲಿಸಿತು.

“ಅಲುಗಬೇಡಿ!” ಡಾಕ್ಟರು ಕುರ್ಚಿ ಎಳೆದುಕೊಂಡರು. “ಒಂದು... ಎರಡು... ಮೂರು...”

ಅತ್ತೆ ಸೊಸೆಯ ಪಾದ ಗಟ್ಟಿಯಾಗಿ ಹಿಡಿದುಕೊಂಡರು.

“ನಾಲ್ಕು.”

ಆಮೇಲೂ ಡಾಕ್ಟರ ಕಣ್ಣು ತೆರೆ ಬಿಟ್ಟು ಕದಲಲಿಲ್ಲ. “ಕೋಣೆ ನಾಲ್ಕೂ ಇದೆ. ಆದ್ರೆ ನಡುಗೋಡೇಲಿ ಒಂದು ತೂತಿದೆ ಕಣಮ್ಮ. ಮುಚ್ಚೋಕಾಗುವಂಥದ್ದೇ. ಈ ಸಲ ಮಗು ಬರೋ ಹೊತ್ತಿಗೆ ಹೃದಯದ ಡಾಕ್ಟರು ಬಾಗಿಲಲ್ಲೇ ನಿಂತಿರ್ತಾರೆ.”

ತೆರೆಯ ಮೇಲೆ ಮಿಣುಕುತ್ತಿದ್ದ ಅರಮನೆಯನ್ನು ಸೊಸೆ ಕಣ್ಣು ಮಿಟುಕಿಸದೆ ನೋಡಿದಳು. ಬೆಳಗಿನಿಂದ ಗದರಿ ಗದರಿ ಗಂಟಲು ಕಟ್ಟಿದ್ದ ಅತ್ತೆ, ಜೆಲ್ ಮೆತ್ತಿದ್ದ ಹೊಟ್ಟೆಯ ಮೇಲೆ ಮೆಲ್ಲಗೆ ಅಂಗೈ ಇಟ್ಟರು.

“ಆಯ್ತು ಕಂದ, ಸಾಕು. ಇನ್ನು ಆ ಕಡೆ ತಿರುಗಿ ಮಲಕ್ಕೋ.”